ತುಳಿತವನ್ನು ತೂಗುವ ಯಂತ್ರ: ಸೈಕಲ್ ಪಟುವಿಗೆ ನಂಬಿಕೆಯ ಸಾಮರ್ಥ್ಯಮಾಪಕ

ಎದುರುಗಾಳಿಯಲ್ಲಿ ಸೈಕಲ್ ತುಳಿದವರಿಗೆಲ್ಲ ಒಂದು ಸಂಗತಿ ಅನುಭವಸಿದ್ಧವಾಗಿದೆ. ಗಾಳಿ ಬೆನ್ನಿಗಿದ್ದಾಗ ಅರ್ಧ ಗಂಟೆಯಲ್ಲಿ ಸಾಗಿದ ದಾರಿಯನ್ನು ಹಿಂದಿರುಗುವಾಗ ಕ್ರಮಿಸಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ದೂರವನ್ನೂ ಗಡಿಯಾರವನ್ನೂ ಮಾತ್ರ ನೋಡುವವನು, ಸವಾರನು ಹಿಂದಿರುಗುವಾಗ ಸೋಮಾರಿಯಾದನೆಂದು ತೀರ್ಮಾನಿಸಿಯಾನು. ನಿಜಸ್ಥಿತಿ ಇದಕ್ಕೆ ತೀರ ವಿರುದ್ಧ. ನಿಧಾನವಾಗಿ ಸಾಗಿದ ಆ ಮುಕ್ಕಾಲು ಗಂಟೆಯಲ್ಲಿಯೇ ಅವನ ಕಾಲುಗಳು ಹೆಚ್ಚು ದುಡಿದಿರುತ್ತವೆ. ವೇಗವು ಸವಾರನ ಶ್ರಮವೊಂದನ್ನೇ ಅಳೆಯುವುದಿಲ್ಲ. ಗಾಳಿ, ಏರು, ಇಳಿಜಾರು, ರಸ್ತೆಯ ಮೇಲ್ಮೈ, ಟೈರಿನಲ್ಲಿರುವ ಗಾಳಿಯ ಒತ್ತಡ ಇವೆಲ್ಲವನ್ನೂ ಒಟ್ಟಿಗೆ ಕಲಸಿ ಒಂದೇ ಅಂಕಿಯಾಗಿ ತೋರಿಸುತ್ತದೆ.

ಹಾಗಾದರೆ ನಾಡಿಯ ಬಡಿತವನ್ನು ಎಣಿಸಿದರೆ ಸಾಲದೆ? ಅದೂ ಸಾಲದು. ಸವಾರನು ಒಮ್ಮೆಗೇ ಬಲವಾಗಿ ತುಳಿಯತೊಡಗಿದರೆ ಹೃದಯವು ಆ ಬೇಡಿಕೆಗೆ ಹೊಂದಿಕೊಳ್ಳಲು ಸ್ವಲ್ಪ ಕಾಲ ಬೇಕು. ಹತ್ತು ಸೆಕೆಂಡಿನ ರಭಸದ ಓಟ ಮುಗಿದ ಮೇಲೂ ನಾಡಿ ಏರುತ್ತಲೇ ಇರುವುದುಂಟು. ಬಿಸಿಲು, ಬಾಯಾರಿಕೆ, ನಿದ್ರೆಗೇಡು, ಪಂದ್ಯದ ಕಾತರ, ಒಂದು ಲೋಟ ಕಾಫಿ, ಇವು ಕೂಡ ನಾಡಿಯನ್ನು ಬದಲಿಸಬಲ್ಲವು. ನಾಡಿಯು ದೇಹದ ಪ್ರತಿಕ್ರಿಯೆಯನ್ನು ತಿಳಿಸುತ್ತದೆಯೇ ಹೊರತು ದೇಹವು ಮಾಡಿದ ಕೆಲಸವನ್ನಲ್ಲ.

ಸೈಕಲ್ ಪಟುವು ಪ್ರತಿ ಕ್ಷಣದಲ್ಲಿಯೂ ಎಷ್ಟು ದುಡಿಯುತ್ತಿದ್ದಾನೆಂಬುದನ್ನು ನೇರವಾಗಿ ಅಳೆಯುವ ಸಾಧನವೇ ಪವರ್ ಮೀಟರ್. ಇದನ್ನು ನಾವು ಸಾಮರ್ಥ್ಯಮಾಪಕವೆಂದು ಕರೆಯೋಣ. ಇಂದು ಹಲವು ತಯಾರಕರು ಹಲವು ಬಗೆಯ ಮಾಪಕಗಳನ್ನು ಮಾರುತ್ತಿದ್ದಾರೆ. ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಸಾಮಾನ್ಯ ವ್ಯಾಪಾರದ ಮಾತಲ್ಲ. ತಿಂಗಳುಗಟ್ಟಲೆ ನಡೆಯುವ ಅಭ್ಯಾಸವೆಲ್ಲ ಅದು ತೋರಿಸುವ ಅಂಕಿಯನ್ನೇ ಆಧರಿಸಿರುವುದರಿಂದ, ಅಂಕಿ ತಪ್ಪಿದರೆ ಅಭ್ಯಾಸವೂ ದಾರಿ ತಪ್ಪುತ್ತದೆ. ನಂಬಿಕೆಗೆ ಅರ್ಹವಾದ ಮಾಪಕ ಯಾವುದು, ಆ ನಂಬಿಕೆಯನ್ನು ಪರೀಕ್ಷಿಸುವ ಬಗೆ ಹೇಗೆ ಎಂಬುದನ್ನು ಪ್ರೌಢಶಾಲೆಯ ಭೌತಶಾಸ್ತ್ರದ ನೆರವಿನಿಂದಲೇ ತಿಳಿಯಬಹುದು.

ಸಾಮರ್ಥ್ಯವೆಂದರೇನು?

ಬಾವಿಯಿಂದ ನೀರು ಸೇದುವುದನ್ನು ನೆನೆಯಿರಿ. ನೀರು ತುಂಬಿದ ಕೊಡದ ತೂಕ 10 ಕಿಲೋಗ್ರಾಂ, ನೀರಿನ ಆಳ 10 ಮೀಟರ್ ಎಂದಿಟ್ಟುಕೊಳ್ಳೋಣ. ಕೊಡವನ್ನು ಮೇಲೆತ್ತಲು ಮಾಡಬೇಕಾದ ಕೆಲಸ 10 × 9.8 × 10, ಅಂದರೆ 980 ಜೌಲ್. ಒಬ್ಬನು ಇದನ್ನು 10 ಸೆಕೆಂಡುಗಳಲ್ಲಿ ಎತ್ತಿದರೆ, ಮತ್ತೊಬ್ಬನು 20 ಸೆಕೆಂಡುಗಳಲ್ಲಿ ಎತ್ತುತ್ತಾನೆ. ಇಬ್ಬರೂ ಮಾಡಿದ ಕೆಲಸ ಒಂದೇ. ಆದರೆ ಮೊದಲನೆಯವನ ಸಾಮರ್ಥ್ಯ 98 ವ್ಯಾಟ್, ಎರಡನೆಯವನದು 49 ವ್ಯಾಟ್. ಒಂದು ಸೆಕೆಂಡಿಗೆ ನಡೆಯುವ ಕೆಲಸವೇ ಸಾಮರ್ಥ್ಯ.

ತಿರುಗುವ ಯಂತ್ರದಲ್ಲಿ ಇದೇ ಸಾಮರ್ಥ್ಯವನ್ನು ಎರಡು ಪರಿಮಾಣಗಳ ಗುಣಲಬ್ಧವಾಗಿ ಬರೆಯಬಹುದು. ಒಂದು, ಅಚ್ಚನ್ನು ತಿರುಗಿಸುವ ತಿರುಚುಬಲ. ಇನ್ನೊಂದು, ಅಚ್ಚು ತಿರುಗುವ ಕೋನೀಯ ವೇಗ. ಪೆಡಲನ್ನು ನಡು ಅಚ್ಚಿಗೆ ಜೋಡಿಸುವ ಲೋಹದ ತೋಳಿಗೆ ಕ್ರ್ಯಾಂಕ್ ಎಂದು ಹೆಸರು. ಸವಾರನು ಮಿನಿಟಿಗೆ 90 ಸುತ್ತು ತುಳಿಯುತ್ತಿದ್ದರೆ ಕ್ರ್ಯಾಂಕಿನ ಕೋನೀಯ ವೇಗ ಸೆಕೆಂಡಿಗೆ 9.42 ರೇಡಿಯನ್. ಆಗ ಸರಾಸರಿ ತಿರುಚುಬಲ 26.5 ನ್ಯೂಟನ್-ಮೀಟರ್ ಇದ್ದರೆ, ಎರಡನ್ನೂ ಗುಣಿಸಿ ಸುಮಾರು 250 ವ್ಯಾಟ್ ಎಂದು ತಿಳಿಯುತ್ತದೆ. ಸುತ್ತುಗಳನ್ನು ಎಣಿಸುವುದು ಸುಲಭ. ಮಾಪಕದ ಜಾಣ್ಮೆಯೂ ಕಷ್ಟವೂ ಅಡಗಿರುವುದು ತಿರುಚುಬಲವನ್ನು ಅಳೆಯುವುದರಲ್ಲಿ.

ಲೋಹದ ಹಿಗ್ಗನ್ನು ಅಳೆಯುವ ಉಪಾಯ

ಉಕ್ಕಾಗಲಿ ಅಲ್ಯೂಮಿನಿಯಮ್ಮಾಗಲಿ ಬಲಕ್ಕೆ ಸಿಕ್ಕಿದಾಗ ಅಣುಮಾತ್ರವಾದರೂ ಬಾಗುತ್ತದೆ. ಸವಾರನು ತುಳಿದಾಗ ಕ್ರ್ಯಾಂಕಿನ ಒಂದು ಮೈ ಹಿಗ್ಗುತ್ತದೆ, ಎದುರಿನ ಮೈ ಕುಗ್ಗುತ್ತದೆ. ಕಣ್ಣಿಗೆ ಕಾಣದ ಈ ಬದಲಾವಣೆಯೇ ಮಾಪಕದ ಆಧಾರ. ಎಳೆದ ಲೋಹದ ತಂತಿಯ ವಿದ್ಯುತ್ ರೋಧವು ಬದಲಾಗುತ್ತದೆಂಬುದನ್ನು ಲಾರ್ಡ್ ಕೆಲ್ವಿನ್ 1856ರಲ್ಲಿಯೇ ವರದಿ ಮಾಡಿದ್ದನು. ಸುಮಾರು ಎಂಬತ್ತು ವರ್ಷಗಳ ತರುವಾಯ, 1938ರಲ್ಲಿ, ಅಮೆರಿಕದ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಗೆ ಎಂಬ ಇಬ್ಬರು ಒಬ್ಬರಿಗೊಬ್ಬರು ತಿಳಿಯದಂತೆ ಈ ತತ್ತ್ವವನ್ನು ಬಳಸಿಕೊಂಡು, ಲೋಹದ ಮೈಗೆ ಅಂಟಿಸಬಹುದಾದ ಸೂಕ್ಷ್ಮ ತಂತಿಯ ಅಳತೆಗಾರನನ್ನು ರೂಪಿಸಿದರು. ಇದೇ ಸ್ಟ್ರೈನ್ ಗೇಜ್. ಇಂದು ಅಂಗಡಿಗಳಲ್ಲಿರುವ ವಿದ್ಯುತ್ ತಕ್ಕಡಿಗಳಲ್ಲಿ ಸಾಮಾನ್ಯವಾಗಿ ತೂಕವನ್ನು ಅಳೆಯುವುದೂ ಇದರಿಂದಲೇ.

ಈ ಅಳತೆ ಎಷ್ಟು ನವುರಾದುದೆಂಬುದನ್ನು ಒಂದು ಲೆಕ್ಕದಿಂದ ಗ್ರಹಿಸಬಹುದು. ಲೋಹವು ತನ್ನ ಉದ್ದದ ಹತ್ತು ಸಾವಿರದ ಒಂದು ಪಾಲಿನಷ್ಟು ಹಿಗ್ಗಿತೆನ್ನೋಣ. ಸಾಮಾನ್ಯ ಗೇಜಿನ ರೋಧ ಇದರ ಎರಡರಷ್ಟು ಪ್ರಮಾಣದಲ್ಲಿ ಬದಲಾಗುತ್ತದೆ. 350 ಓಮ್ ರೋಧವಿರುವ ಗೇಜಿನಲ್ಲಿ ಉಂಟಾಗುವ ಬದಲಾವಣೆ ಕೇವಲ 0.07 ಓಮ್. ಇಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿಯಲು ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಬಳಸುವ ವೀಟ್‌ಸ್ಟೋನ್ ಸೇತುವೆಯೇ ಇಲ್ಲಿಯೂ ನೆರವಾಗುತ್ತದೆ.

ಇಲ್ಲಿ ಒಂದು ಶತ್ರುವಿದೆ, ಅದೇ ಉಷ್ಣತೆ. ಅಲ್ಯೂಮಿನಿಯಂ ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 23 ಪಾಲಿನಷ್ಟು ಹಿಗ್ಗುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಹಿಗ್ಗು 230 ಪಾಲು. ನಾವು ಮೇಲೆ ಲೆಕ್ಕಕ್ಕೆ ತೆಗೆದುಕೊಂಡ ಹಿಗ್ಗು ಹತ್ತು ಲಕ್ಷದಲ್ಲಿ 100 ಪಾಲು ಮಾತ್ರ. ಎಂದರೆ ಯಾರೂ ತುಳಿಯದಿದ್ದರೂ, ಬರಿಯ ಬಿಸಿಲೇ ಅದಕ್ಕಿಂತ ಹೆಚ್ಚಾಗಿ ಲೋಹವನ್ನು ಹಿಗ್ಗಿಸಬಲ್ಲದು! ಇದನ್ನು ನಿವಾರಿಸಲು ಗೇಜುಗಳನ್ನು ಸೇತುವೆಯ ನಾಲ್ಕು ತೋಳುಗಳಲ್ಲಿ ಜಾಣತನದಿಂದ ಜೋಡಿಸುತ್ತಾರೆ. ಎರಡು ಗೇಜುಗಳು ಹಿಗ್ಗುವ ಮೈಯಲ್ಲಿಯೂ ಎರಡು ಕುಗ್ಗುವ ಮೈಯಲ್ಲಿಯೂ ಇದ್ದರೆ, ತುಳಿತದ ಪರಿಣಾಮ ಕೂಡಿಕೊಳ್ಳುತ್ತದೆ. ಎಲ್ಲ ಗೇಜುಗಳಿಗೂ ಸಮನಾಗಿ ಬರುವ ಉಷ್ಣತೆಯ ಪರಿಣಾಮ ಒಂದನ್ನೊಂದು ಅಳಿಸಿಹಾಕುತ್ತದೆ. ಈ ಅಳಿಸುವಿಕೆ ಎಷ್ಟು ಪೂರ್ಣವಾಗಿದೆಯೆಂಬುದೇ ಒಳ್ಳೆಯ ಮಾಪಕಕ್ಕೂ ಕಳಪೆ ಮಾಪಕಕ್ಕೂ ಇರುವ ಮುಖ್ಯ ಭೇದಗಳಲ್ಲೊಂದು.

ಈ ತತ್ತ್ವವನ್ನು ಸೈಕಲ್ಲಿಗೆ ಅಳವಡಿಸಿ, ರಸ್ತೆಯಲ್ಲಿಯೇ ಸಾಮರ್ಥ್ಯವನ್ನು ತೋರಿಸುವ ಮಾಪಕವನ್ನು ತಯಾರಿಸಿದ ಕೀರ್ತಿ ಜರ್ಮನಿಯ ಎಂಜಿನಿಯರ್ ಉಲ್ರಿಕ್ ಶೋಬರರ್ ಅವರಿಗೆ ಸಲ್ಲುತ್ತದೆ. 1986ರಲ್ಲಿ ಅವರು ಆರಂಭಿಸಿದ ಎಸ್‌ಆರ್‌ಎಂ ಸಂಸ್ಥೆಯ ಮಾಪಕ ಈ ವರ್ಗದ ಸಾಧನಗಳ ಮೂಲಪುರುಷ. ಮೂರು ಬಾರಿ ಟೂರ್ ಡ ಫ್ರಾನ್ಸ್ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಅದನ್ನು ಅಳವಡಿಸಿಕೊಂಡ ಮೊದಲ ವೃತ್ತಿಪಟುಗಳಲ್ಲೊಬ್ಬರು.

ಎಲ್ಲಿ ಅಳೆಯಬೇಕು?

ಸವಾರನ ಕಾಲಿನಿಂದ ಹೊರಟ ಶಕ್ತಿ ಪೆಡಲು, ಕ್ರ್ಯಾಂಕ್, ಮುಂಬದಿಯ ಹಲ್ಲುಚಕ್ರ, ಸರಪಳಿ, ಹಿಂಬದಿಯ ಹಲ್ಲುಚಕ್ರ, ಹಿಂಗಾಲಿಯ ಹಬ್ಬು ಎಂಬ ಕ್ರಮದಲ್ಲಿ ಸಾಗಿ ನೆಲವನ್ನು ಮುಟ್ಟುತ್ತದೆ. ಈ ದಾರಿಯಲ್ಲಿ ಎಲ್ಲಿ ಬೇಕಾದರೂ ಮಾಪಕವನ್ನಿಡಬಹುದು. ಒಂದೊಂದು ಸ್ಥಳಕ್ಕೂ ತನ್ನದೇ ಗುಣವೂ ದೋಷವೂ ಇವೆ.

ಪೆಡಲಿನಲ್ಲಿರುವ ಮಾಪಕವನ್ನು ಒಂದು ಸೈಕಲ್ಲಿನಿಂದ ಬಿಚ್ಚಿ ಇನ್ನೊಂದಕ್ಕೆ ಹಾಕುವುದು ಸುಲಭ. ಎರಡು ಪೆಡಲುಗಳಲ್ಲಿಯೂ ಗೇಜುಗಳಿದ್ದರೆ ಎಡಗಾಲು ಬಲಗಾಲುಗಳ ಪಾಲನ್ನು ಬೇರೆ ಬೇರೆಯಾಗಿ ತಿಳಿಯಬಹುದು. ಆದರೆ ಪೆಡಲು ನೆಲಕ್ಕೆ ಅತಿ ಸಮೀಪದಲ್ಲಿದೆ. ಸೈಕಲ್ ಬಿದ್ದಾಗ ಪೆಟ್ಟು ತಗಲುವುದೂ ಅದಕ್ಕೇ, ಮಳೆಯ ಕೆಸರು ಮೆತ್ತುವುದೂ ಅದಕ್ಕೇ.

ಕ್ರ್ಯಾಂಕಿಗೂ ಮುಂಬದಿಯ ಹಲ್ಲುಚಕ್ರಕ್ಕೂ ನಡುವೆ, ಜೇಡನ ಕಾಲುಗಳಂತೆ ಚಾಚಿದ ಒಂದು ಬಿಡಿಭಾಗವಿದೆ. ಶೋಬರರ್ ಅವರ ಮಾಪಕ ಇಲ್ಲಿ ಕುಳಿತಿತು. ಎರಡು ಕಾಲುಗಳ ಬಲವೂ ಇದರ ಮೂಲಕವೇ ಸಾಗುವುದರಿಂದ ಒಟ್ಟು ಸಾಮರ್ಥ್ಯ ಇಲ್ಲಿ ದೊರೆಯುತ್ತದೆ. ಹಿಂಗಾಲಿಯ ಹಬ್ಬಿನಲ್ಲಿ ಅಳೆಯುವ ಪದ್ಧತಿಯನ್ನು 1990ರ ದಶಕದ ಕೊನೆಯಲ್ಲಿ ಪವರ್‌ಟ್ಯಾಪ್ ಎಂಬ ಮಾಪಕ ಪ್ರಚಾರಕ್ಕೆ ತಂದಿತು. ಸರಪಳಿ ಮತ್ತು ಹಲ್ಲುಗಳ ಘರ್ಷಣೆಯಲ್ಲಿ ನೂರಕ್ಕೆ ಎರಡು ಮೂರು ಪಾಲು ಶಕ್ತಿ ನಷ್ಟವಾಗುವುದರಿಂದ, ಹಬ್ಬಿನ ಮಾಪಕ ಪೆಡಲಿನ ಮಾಪಕಕ್ಕಿಂತ ಅಷ್ಟು ಕಡಮೆ ತೋರಿಸಬೇಕು. ಹಾಗೆ ತೋರಿಸಿದರೆ ಅದು ದೋಷವಲ್ಲ. ಎರಡೂ ಸಮನಾಗಿ ತೋರಿಸಿದರೆ ಮಾತ್ರ ಒಂದರ ಮೇಲೆ ಸಂಶಯಪಡಬೇಕು.

ಬೆಲೆಯಲ್ಲಿ ಸಾಮಾನ್ಯವಾಗಿ ಅಗ್ಗವಾದುದು ಎಡಗಡೆಯ ಕ್ರ್ಯಾಂಕಿಗೆ ಮಾತ್ರ ಅಂಟಿಸಿದ ಮಾಪಕ. ಅದು ಎಡಗಾಲಿನ ಸಾಮರ್ಥ್ಯವನ್ನು ಅಳೆದು, ಬಲಗಾಲಿನದೂ ಅಷ್ಟೇ ಎಂದು ಊಹಿಸಿ, ಎರಡರಿಂದ ಗುಣಿಸಿ ತೋರಿಸುತ್ತದೆ. ನಮ್ಮಲ್ಲಿ ಹಲವರ ಎರಡು ಕಾಲುಗಳು ಸರಿಸಮನಾಗಿ ದುಡಿಯುವುದಿಲ್ಲ. 300 ವ್ಯಾಟ್ ಸಾಮರ್ಥ್ಯದಲ್ಲಿ ತುಳಿಯುವ ಸವಾರನ ಎಡಗಾಲು ನೂರಕ್ಕೆ 48 ಪಾಲನ್ನು ಕೊಡುತ್ತದೆನ್ನೋಣ. ಮಾಪಕ ಕಾಣುವುದು 144 ವ್ಯಾಟ್. ತೋರಿಸುವುದು 288 ವ್ಯಾಟ್. 12 ವ್ಯಾಟುಗಳು ಕಾಣೆಯಾದವು! ಈ ಪ್ರಮಾಣ ಸದಾ ಒಂದೇ ಆಗಿದ್ದರೆ ಚಿಂತೆಯಿಲ್ಲ. ಆದರೆ ದಣಿವಾದಾಗ, ಗಾಯವಾಗಿ ಗುಣವಾಗುತ್ತಿರುವಾಗ, ಬಲವಾಗಿ ತುಳಿದಾಗ ಎಡಬಲಗಳ ಪಾಲು ಬದಲಾಗಬಹುದು. ಆಗ ಸವಾರನ ಸಾಮರ್ಥ್ಯ ಬದಲಾಯಿತೋ ಪಾಲು ಬದಲಾಯಿತೋ ಎಂಬುದನ್ನು ಈ ಮಾಪಕ ಹೇಳಲಾರದು.

ಸುತ್ತುಗಳ ಎಣಿಕೆಯಲ್ಲಿಯೂ ಒಂದು ಸೂಕ್ಷ್ಮವಿದೆ. ಕೆಲವು ಮಾಪಕಗಳು ಒಂದು ಸುತ್ತಿನ ಉದ್ದಕ್ಕೂ ಕೋನೀಯ ವೇಗ ಏಕಪ್ರಕಾರವಾಗಿದೆಯೆಂದು ಭಾವಿಸಿ ಲೆಕ್ಕ ಮಾಡುತ್ತವೆ. ದುಂಡನೆಯ ಹಲ್ಲುಚಕ್ರದಲ್ಲಿ ಈ ಭಾವನೆಯಿಂದ ಹೆಚ್ಚಿನ ಹಾನಿಯಿಲ್ಲ. ಕೆಲವು ಪಟುಗಳು ಬಳಸುವ ಅಂಡಾಕಾರದ ಹಲ್ಲುಚಕ್ರದಲ್ಲಿ ಕಾಲು ಬಲವಾಗಿ ಒತ್ತುವ ಕಡೆಯೇ ವೇಗ ತಗ್ಗುವುದರಿಂದ, ಅಂಥ ಮಾಪಕ ನಿಜಕ್ಕಿಂತ ಹೆಚ್ಚು ಸಾಮರ್ಥ್ಯವನ್ನು ತೋರಿಸುತ್ತದೆ. ಸವಾರನು ಹೊಸ ಹಲ್ಲುಚಕ್ರದಿಂದ ತನ್ನ ಬಲ ಹೆಚ್ಚಿತೆಂದು ಹಿಗ್ಗುತ್ತಾನೆ. ಹೆಚ್ಚಿದುದು ಅಂಕಿ ಮಾತ್ರ.

ಸತ್ಯಕ್ಕೆ ಸಾಮೀಪ್ಯ, ತನಗೆ ತಾನೇ ನಿಷ್ಠೆ

ಅಳತೆಯ ಸಾಧನಕ್ಕೆ ಎರಡು ಬೇರೆ ಬೇರೆ ಸದ್ಗುಣಗಳಿರಬೇಕು. ಒಂದು, ಅದು ತೋರಿಸುವ ಅಂಕಿ ನಿಜವಾದ ಬೆಲೆಗೆ ಹತ್ತಿರವಾಗಿರಬೇಕು. ಇನ್ನೊಂದು, ಒಂದೇ ಶ್ರಮಕ್ಕೆ ಇಂದೂ ನಾಳೆಯೂ ಮುಂದಿನ ತಿಂಗಳೂ ಒಂದೇ ಅಂಕಿಯನ್ನು ತೋರಿಸಬೇಕು. ಪ್ರತಿದಿನವೂ ಐದು ಮಿನಿಟು ಮುಂದಿರುವ ಗಡಿಯಾರದೊಡನೆ ಬಾಳುವೆ ಮಾಡಬಹುದು. ಒಂದು ದಿನ ಮುಂದೆ, ಒಂದು ದಿನ ಹಿಂದೆ ಓಡುವ ಗಡಿಯಾರವನ್ನು ನಂಬಿದವನಿಗೆ ರೈಲು ತಪ್ಪುವುದು ಖಂಡಿತ.

ಸೈಕಲ್ ಪಟುವಿನ ಅಭ್ಯಾಸದಲ್ಲಿ ಇದರ ಮಹತ್ವವೇನು? ಪಟುವೊಬ್ಬನು ಸುಮಾರು ಒಂದು ಗಂಟೆಯ ಕಾಲ ಕಾಪಾಡಿಕೊಳ್ಳಬಲ್ಲ ಗರಿಷ್ಠ ಸಾಮರ್ಥ್ಯವನ್ನು ಅವನ ಹೊಸ್ತಿಲು ಎಂದು ಕರೆಯುವ ವಾಡಿಕೆಯಿದೆ. ಸಾಮಾನ್ಯವಾಗಿ 20 ಮಿನಿಟುಗಳ ಕಾಲ ಶಕ್ತಿಮೀರಿ ತುಳಿದು, ಬಂದ ಸರಾಸರಿಯನ್ನು 0.95ರಿಂದ ಗುಣಿಸಿ ಇದನ್ನು ಅಂದಾಜು ಮಾಡುತ್ತಾರೆ. ಸರಾಸರಿ 260 ವ್ಯಾಟ್ ಆದರೆ ಹೊಸ್ತಿಲು 247. ಯಾವ ದಿನ ಎಷ್ಟು ಹೊತ್ತು ಯಾವ ಸಾಮರ್ಥ್ಯದಲ್ಲಿ ತುಳಿಯಬೇಕೆಂಬ ಯೋಜನೆಯೆಲ್ಲ ಈ ಒಂದು ಅಂಕಿಯ ಮೇಲೆ ನಿಂತಿದೆ. ಈಗಾಗಲೇ ಚೆನ್ನಾಗಿ ಪಳಗಿದ ಪಟುವಿನ ಸಾಮರ್ಥ್ಯ ಮೂರು ತಿಂಗಳ ಕಠಿಣ ಸಾಧನೆಯಿಂದ ನೂರಕ್ಕೆ ಮೂರು ಪಾಲು ಹೆಚ್ಚಿದರೆ ಅದು ಸಂತೋಷದ ಸಂಗತಿ. ಅದೇ ಮೂರು ತಿಂಗಳಲ್ಲಿ ಮಾಪಕವೂ ನೂರಕ್ಕೆ ಮೂರು ಪಾಲು ಕೆಳಕ್ಕೆ ಜಾರಿದ್ದರೆ? ಸಾಧನೆಯೆಲ್ಲ ಅಂಕಿಯಲ್ಲಿ ಕಾಣದೆಹೋಗುತ್ತದೆ. ತರುಣನು ನಿರಾಶನಾಗಿ ಅಭ್ಯಾಸವನ್ನು ಇನ್ನೂ ಕಠಿಣಗೊಳಿಸಿ ದೇಹವನ್ನು ಕೆಡಿಸಿಕೊಳ್ಳಬಹುದು. ಮಾಪಕ ಮೇಲಕ್ಕೆ ಜಾರಿದ್ದರೆ ಇಲ್ಲದ ಪ್ರಗತಿಯನ್ನು ಕಂಡು ಮೈಮರೆಯಬಹುದು. ಪಂದ್ಯದ ದಿನವೇ ಸತ್ಯದ ದರ್ಶನವಾಗುತ್ತದೆ.

ಇದು ಬರಿಯ ಊಹೆಯಲ್ಲ. ಪೆಟ್ಟಿಗೆಯ ಮೇಲೆ ತಯಾರಕರು ನೂರಕ್ಕೆ ಒಂದು ಅಥವಾ ಎರಡು ಪಾಲಿಗಿಂತ ಹೆಚ್ಚು ತಪ್ಪಾಗದೆಂದು ಅಚ್ಚು ಮಾಡಿರುವುದು ಸಾಮಾನ್ಯ. ಸ್ವಿಟ್ಜರ್ಲೆಂಡಿನ ಸಂಶೋಧಕರು 32 ಮಂದಿ ಪಟುಗಳು ಬಳಸುತ್ತಿದ್ದ, 9 ತಯಾರಕರ 54 ಮಾಪಕಗಳನ್ನು ಪರೀಕ್ಷೆಗೆ ಒಳಪಡಿಸಿ 2017ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಚಲಿಸುವ ಪಟ್ಟಿಯ ಯಂತ್ರದ ಮೇಲೆ ಸೈಕಲ್ ಓಡಿಸಿ, ಭೌತಶಾಸ್ತ್ರದ ಮೂಲತತ್ತ್ವಗಳಿಂದ ನಿಜವಾದ ಸಾಮರ್ಥ್ಯವನ್ನು ಲೆಕ್ಕಹಾಕಿ, ಅದರೊಡನೆ ಮಾಪಕಗಳ ಅಂಕಿಗಳನ್ನು ಅವರು ಹೋಲಿಸಿದರು. ಎಲ್ಲ ಮಾಪಕಗಳ ಸರಾಸರಿಯನ್ನು ತೆಗೆದರೆ ತಪ್ಪು ನೂರಕ್ಕೆ 0.9 ಪಾಲು ಕಡಮೆ ಮಾತ್ರ. ಆದರೆ ಒಂದೊಂದನ್ನೂ ಬಿಡಿಯಾಗಿ ನೋಡಿದಾಗ ಚದುರುವಿಕೆ ದೊಡ್ಡದಾಗಿತ್ತು: ಮಾನಕ ವಿಚಲನೆ ನೂರಕ್ಕೆ 3.2 ಪಾಲು, 6 ಮಾಪಕಗಳು ನೂರಕ್ಕೆ 5 ಪಾಲಿಗಿಂತಲೂ ಹೆಚ್ಚು ತಪ್ಪಿದ್ದವು. ಇವು ಆಟದ ಸಾಮಾನುಗಳಲ್ಲ. ಇದರಿಂದ ನಾವು ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ. ಒಂದು ಜಾತಿಯ ಮಾಪಕ ಒಳ್ಳೆಯದೆಂದ ಮಾತ್ರಕ್ಕೆ ನಮ್ಮ ಕೈಯಲ್ಲಿರುವ ಮಾಪಕ ಒಳ್ಳೆಯದೆಂದು ಹೇಳಲಾಗದು. ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು.

ತಕ್ಕಡಿಯ ನ್ಯಾಯ

ಹಳೆಯ ಕಾಲದ ದಿನಸಿ ವ್ಯಾಪಾರಿಯು ಸಾಮಾನು ತೂಗುವ ಮುನ್ನ ಬರಿಯ ತಕ್ಕಡಿಯನ್ನೆತ್ತಿ, ಎರಡು ತಟ್ಟೆಗಳೂ ಸಮನಾಗಿರುವುದನ್ನು ಗಿರಾಕಿಗೆ ತೋರಿಸುತ್ತಿದ್ದನು. ಆಮೇಲೆ ಮುದ್ರೆಯಿರುವ ತೂಕದ ಕಲ್ಲನ್ನು ಇಡುತ್ತಿದ್ದನು. ಸಾಮರ್ಥ್ಯಮಾಪಕಕ್ಕೂ ಇವೇ ಎರಡು ಪರೀಕ್ಷೆಗಳು.

ಮೊದಲನೆಯದು ಸೊನ್ನೆಯ ಪರೀಕ್ಷೆ. ಪೆಡಲಿನ ಮೇಲೆ ಕಾಲಿಲ್ಲದಿರುವಾಗ ತಿರುಚುಬಲ ಸೊನ್ನೆಯೆಂದು ಮಾಪಕಕ್ಕೆ ತಿಳಿಸಿಕೊಡುವುದೇ ಇದು. ಇದನ್ನು ಅಲಕ್ಷಿಸಿದರೆ ಆಗುವ ತಪ್ಪನ್ನು ನೋಡಿ: ಸೊನ್ನೆ 1 ನ್ಯೂಟನ್-ಮೀಟರ್ ಜಾರಿದ್ದರೆ, ಮಿನಿಟಿಗೆ 90 ಸುತ್ತಿನಲ್ಲಿ ಸವಾರನು ಎಷ್ಟೇ ತುಳಿಯಲಿ, ಅಂಕಿಯಲ್ಲಿ 9.4 ವ್ಯಾಟುಗಳ ತಪ್ಪು ಸೇರಿಕೊಳ್ಳುತ್ತದೆ. ಬೆಚ್ಚಗಿನ ಕೋಣೆಯಿಂದ ಸೈಕಲ್ಲನ್ನು ಮುಂಜಾನೆಯ ಚಳಿಗೆ ತಂದೊಡನೆ ಸೊನ್ನೆ ಮಾಡಿದರೆ ಪ್ರಯೋಜನವಿಲ್ಲ. ಲೋಹ ಇನ್ನೂ ತಣಿಯುತ್ತಲೇ ಇರುತ್ತದೆ. ಹತ್ತು ಹದಿನೈದು ಮಿನಿಟು ಹೊರಗಿಟ್ಟು ಅಥವಾ ನಿಧಾನವಾಗಿ ತುಳಿದು, ಆಮೇಲೆ ಸೊನ್ನೆ ಮಾಡುವುದು ಯುಕ್ತ. ಸೊನ್ನೆ ಮಾಡಿದಾಗಲೆಲ್ಲ ಮಾಪಕ ತೋರಿಸುವ ಅಂಕಿಯನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ದಿನದಿಂದ ದಿನಕ್ಕೆ ಅದು ಸ್ವಲ್ಪವೇ ಅತ್ತಿತ್ತ ಆಡುತ್ತಿದ್ದರೆ ಮಾಪಕ ಆರೋಗ್ಯವಾಗಿದೆ. ಹುಚ್ಚುಹುಚ್ಚಾಗಿ ನೆಗೆಯುತ್ತಿದ್ದರೆ ಗೇಜಿನ ಅಂಟು ಸಡಿಲವಾಗಿದೆಯೋ, ತೇವ ಒಳಹೊಕ್ಕಿದೆಯೋ, ಜೋಡಣೆಯ ತಿರುಪು ಬಿಗಿಯಾಗಿಲ್ಲವೋ ಎಂದು ಶಂಕಿಸಬೇಕು.

ಎರಡನೆಯದು ತೂಕದ ಪರೀಕ್ಷೆ. ಸರಿಯಾಗಿ ತೂಗಿದ 20 ಕಿಲೋಗ್ರಾಂ ಭಾರವನ್ನು ಸಿದ್ಧಮಾಡಿಕೊಳ್ಳಿ. ಹಿಂಗಾಲಿಯ ಬ್ರೇಕನ್ನು ಬಿಗಿಹಿಡಿದು, ಕ್ರ್ಯಾಂಕ್ ಮುಂದಕ್ಕೆ ಚಾಚಿ ನೆಲಕ್ಕೆ ಸಮಾನಾಂತರವಾಗಿ ನಿಲ್ಲುವಂತೆ ಮಾಡಿ, ಪೆಡಲಿನ ಅಚ್ಚಿಗೆ ಭಾರವನ್ನು ತೂಗುಬಿಡಿ. ಕ್ರ್ಯಾಂಕಿನ ಉದ್ದ 170 ಮಿಲಿಮೀಟರ್ ಆದರೆ ತಿರುಚುಬಲ 20 × 9.8 × 0.17, ಅಂದರೆ 33.3 ನ್ಯೂಟನ್-ಮೀಟರ್. ಮಾಪಕವೂ ಇಷ್ಟನ್ನೇ ತೋರಿಸಬೇಕು. 32.6 ತೋರಿಸಿದರೆ ಅದು ನೂರಕ್ಕೆ ಎರಡು ಪಾಲು ಕಡಮೆ ಹೇಳುತ್ತಿದೆ. ರಸ್ತೆಯಲ್ಲಿ 250 ವ್ಯಾಟ್ ಇದ್ದಾಗ 245 ಎನ್ನುತ್ತದೆ. ಸೊನ್ನೆಯ ತಪ್ಪು ಎಲ್ಲ ಬಲಗಳಿಗೂ ಒಂದೇ ಮೊತ್ತವಾಗಿ ಸೇರಿದರೆ, ಇದು ಬಲದೊಡನೆ ಬೆಳೆಯುವ ತಪ್ಪು. ಹಬ್ಬಿನ ಮಾಪಕವಾದರೆ ಹಲ್ಲುಗಳ ಪ್ರಮಾಣವನ್ನೂ ಗಣಿಸಬೇಕು: ಮುಂದೆ 50 ಹಲ್ಲು, ಹಿಂದೆ 25 ಹಲ್ಲು ಇದ್ದಾಗ ಹಬ್ಬನ್ನು ಮುಟ್ಟುವ ತಿರುಚುಬಲ ಇದರ ಅರ್ಧ.

ಈ ಪ್ರಯೋಗದಲ್ಲಿ ಎಚ್ಚರಿಕೆ ಅಗತ್ಯ. ಕ್ರ್ಯಾಂಕ್ ಮಟ್ಟಸವಾಗಿರದೆ 8 ಡಿಗ್ರಿ ಓರೆಯಾಗಿದ್ದರೆ ತಿರುಚುಬಲ ನೂರಕ್ಕೆ ಒಂದು ಪಾಲು ತಗ್ಗುತ್ತದೆ. ಗುರುತ್ವದ ವೇಗೋತ್ಕರ್ಷ ಬೆಂಗಳೂರಿನಲ್ಲಿ ಸುಮಾರು 9.78, ಶೋಬರರ್ ಅವರ ಜರ್ಮನಿಯಲ್ಲಿ ಸುಮಾರು 9.81. ಈ ಅಂತರ ನೂರಕ್ಕೆ 0.3 ಪಾಲಾದುದರಿಂದ ನಾವದನ್ನು ಬಿಟ್ಟುಬಿಡಬಹುದು. ತೂಕವನ್ನು ಸರಿಯಾಗಿ ತಿಳಿಯದಿರುವುದೇ ಎಲ್ಲಕ್ಕಿಂತ ದೊಡ್ಡ ದೋಷ.

ಬೆಟ್ಟವೇ ತೂಕದ ಕಲ್ಲು

ನಿಂತ ಸೈಕಲ್ಲಿನ ಪರೀಕ್ಷೆ ಮುಗಿದ ಮೇಲೆ ಓಡುವ ಸೈಕಲ್ಲಿನಲ್ಲಿಯೂ ಮಾಪಕವನ್ನು ಒರೆಗೆ ಹಚ್ಚಬಹುದು. ಗಾಳಿಯಿಲ್ಲದ ಮುಂಜಾನೆ ಒಂದೇ ಸಮನಾದ ಏರಿನ ಬೆಟ್ಟದ ರಸ್ತೆ ಇದಕ್ಕೆ ತಕ್ಕ ಸ್ಥಳ. ಸಮತಟ್ಟಾದ ರಸ್ತೆಯಲ್ಲಿ ಸವಾರನ ಮುಖ್ಯ ಎದುರಾಳಿ ಗಾಳಿ. ಅದನ್ನು ಎದುರಿಸುವ ಸಾಮರ್ಥ್ಯ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ಗಂಟೆಗೆ 30ರಿಂದ 33 ಕಿಲೋಮೀಟರಿಗೆ ವೇಗ ಏರಿದರೆ ಗಾಳಿಗಾಗಿ ವೆಚ್ಚವಾಗುವ ಸಾಮರ್ಥ್ಯ ಮೂರರಲ್ಲೊಂದು ಪಾಲು ಹೆಚ್ಚುತ್ತದೆ. ಅಲ್ಲಿ ಲೆಕ್ಕ ಹಾಕುವುದು ಕಷ್ಟ. ಬೆಟ್ಟದಲ್ಲಿ ವೇಗ ಕಡಮೆಯಾದುದರಿಂದ ಗುರುತ್ವವೇ ಮುಖ್ಯ ಎದುರಾಳಿ; ಗುರುತ್ವದ ಲೆಕ್ಕವಂತೂ ಬಾವಿಯ ಕೊಡದಷ್ಟೇ ಸರಳ.

ಸವಾರ, ಸೈಕಲ್, ಬಟ್ಟೆಬರೆ, ನೀರಿನ ಸೀಸೆ ಎಲ್ಲ ಸೇರಿ 80 ಕಿಲೋಗ್ರಾಂ. ನೂರು ಮೀಟರಿಗೆ 8 ಮೀಟರ್ ಏರುವ ಎರಡೂವರೆ ಕಿಲೋಮೀಟರ್ ರಸ್ತೆ. ಒಟ್ಟು ಏರು 200 ಮೀಟರ್. ಹಿಡಿದ ಕಾಲ 15 ಮಿನಿಟು ಎಂದುಕೊಳ್ಳೋಣ. ಗುರುತ್ವದ ವಿರುದ್ಧ ಮಾಡಿದ ಕೆಲಸ 80 × 9.8 × 200, ಅಂದರೆ 1,56,800 ಜೌಲ್. ಇದನ್ನು 900 ಸೆಕೆಂಡುಗಳಿಂದ ಭಾಗಿಸಿದರೆ 174 ವ್ಯಾಟ್. ಟೈರುಗಳು ಉರುಳುವಾಗಿನ ತಡೆಗೆ ಸುಮಾರು 11 ವ್ಯಾಟ್, ಗಾಳಿಗೆ ಸುಮಾರು 5 ವ್ಯಾಟ್ ಸೇರಿಸಿದರೆ ಒಟ್ಟು 190. ಹಬ್ಬಿನ ಮಾಪಕದ ಸರಾಸರಿ ಇದರ ಆಸುಪಾಸಿನಲ್ಲಿರಬೇಕು. ಪೆಡಲಿನ ಮಾಪಕ ಸರಪಳಿಯ ನಷ್ಟವನ್ನೂ ಸೇರಿಸಿ 195ರ ಸಮೀಪ ತೋರಿಸಬೇಕು. 175 ಅಥವಾ 215 ಎಂದು ತೋರಿಸಿದರೆ ಮಾಪಕವನ್ನು ಮತ್ತೆ ತೂಕದ ಪರೀಕ್ಷೆಗೆ ಒಯ್ಯಬೇಕು. ಒಂದೇ ಬೆಟ್ಟದಲ್ಲಿ ತಿಂಗಳಿಗೊಮ್ಮೆ ಇದನ್ನು ಮಾಡಿ ಬರೆದಿಟ್ಟರೆ ಮಾಪಕದ ನಡತೆಯ ಚರಿತ್ರೆಯೇ ಸಿದ್ಧವಾಗುತ್ತದೆ.

ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಸೈಕಲ್ ಪಟುಗಳಿಗೆ ಹೆಸರಾದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ತರುಣನೊಬ್ಬನು ಕೂಡಿಟ್ಟ ಹಣದಿಂದ ಮಾಪಕವನ್ನು ಕೊಳ್ಳಲು ಹೊರಟನೆನ್ನೋಣ. ಅವನು ಮೊದಲು ಕೇಳಬೇಕಾದುದು ಬಣ್ಣ, ತೂಕ, ಪರದೆಯ ಅಂದಗಳನ್ನಲ್ಲ. ಈ ಮಾಪಕವನ್ನು ಸೊನ್ನೆ ಮಾಡಲು ಬರುತ್ತದೆಯೇ, ಮಾಡಿದಾಗ ಅಂಕಿಯನ್ನು ತೋರಿಸುತ್ತದೆಯೇ? ತೂಕವನ್ನು ತೂಗುಬಿಟ್ಟು ತಿರುಚುಬಲವನ್ನು ಓದಲು ಸಾಧ್ಯವೇ? ತಪ್ಪು ಕಂಡುಬಂದರೆ ಸವಾರನೇ ಅದನ್ನು ತಿದ್ದಬಹುದೇ, ಇಲ್ಲವೇ ದೂರದೇಶದ ಕಾರ್ಖಾನೆಗೆ ಕಳುಹಿಸಬೇಕೇ? ಈ ಮೂರು ಪ್ರಶ್ನೆಗಳಿಗೆ ತೃಪ್ತಿಕರವಾದ ಉತ್ತರವಿಲ್ಲದ ಮಾಪಕದ ಮೇಲೆ ಎಷ್ಟೇ ಕಡಮೆ ತಪ್ಪಿನ ಭರವಸೆ ಅಚ್ಚಾಗಿದ್ದರೂ, ಅದು ಪರೀಕ್ಷಿಸಲಾಗದ ಭರವಸೆ.

ಅನಂತರ ಉಳಿದವು. ಉಷ್ಣತೆಯ ಪರಿಣಾಮವನ್ನು ತಾನಾಗಿಯೇ ಸರಿಪಡಿಸಿಕೊಳ್ಳುತ್ತದೆಯೇ? ಎರಡು ಕಾಲುಗಳನ್ನೂ ಅಳೆಯುತ್ತದೆಯೇ? ಮುಂಗಾರಿನ ಮಳೆಯನ್ನೂ ಬೇಸಗೆಯ ಧೂಳನ್ನೂ ತಡೆಯುವಷ್ಟು ಭದ್ರವಾಗಿದೆಯೇ? ಅದರ ವಿದ್ಯುತ್ಕೋಶ ನಮ್ಮ ಊರಿನಲ್ಲಿ ದೊರೆಯುತ್ತದೆಯೇ? ಹ್ಯಾಂಡಲಿನ ಮೇಲಿರುವ ಪರದೆಗೆ ಅಂಕಿಗಳನ್ನು ಕಳುಹಿಸಲು ಬಳಕೆಯಲ್ಲಿರುವ ಆ್ಯಂಟ್ ಪ್ಲಸ್ ಅಥವಾ ಬ್ಲೂಟೂತ್ ಪದ್ಧತಿಯನ್ನು ಅನುಸರಿಸುತ್ತದೆಯೇ? ಹಣ ಕಡಮೆಯಿದ್ದರೆ ಒಂದೇ ಕಾಲನ್ನು ಅಳೆಯುವ ಮಾಪಕವನ್ನು ಕೊಳ್ಳುವುದು ತಪ್ಪಲ್ಲ. ಅದರ ಮಿತಿಯನ್ನು ಅರಿತಿರಬೇಕು, ಇನ್ನೊಬ್ಬರ ಅಂಕಿಯೊಡನೆ ಹೋಲಿಸಹೋಗಬಾರದು.

ಹೋಲಿಕೆಯ ಈ ಮಾತು ಮುಖ್ಯವಾದುದು. ಒಬ್ಬ ಪಟು ತನ್ನ ಮಾಪಕದಲ್ಲಿ 280 ವ್ಯಾಟ್, ಗೆಳೆಯನು ಅವನ ಮಾಪಕದಲ್ಲಿ 290 ವ್ಯಾಟ್ ಕಂಡರೆ, ಗೆಳೆಯನೇ ಬಲಶಾಲಿಯೆಂದು ಹೇಳಲು ಬರುವುದಿಲ್ಲ. ಮಾಪಕವನ್ನು ಬದಲಾಯಿಸಿದಾಗ ಹೊಸ್ತಿಲಿನ ಪರೀಕ್ಷೆಯನ್ನೂ ಹೊಸದಾಗಿ ಮಾಡಬೇಕು. ಹಳೆಯ ಅಂಕಿಯನ್ನು ಹೊಸ ಮಾಪಕಕ್ಕೆ ಹೊರಿಸಬಾರದು. ಮನೆಯೊಳಗೆ ಸ್ಥಿರ ಯಂತ್ರದ ಮೇಲೆ ಒಂದು ಮಾಪಕ, ರಸ್ತೆಯಲ್ಲಿ ಇನ್ನೊಂದು ಮಾಪಕ ಬಳಸುವವರು ಎರಡನ್ನೂ ಏಕಕಾಲದಲ್ಲಿ ಓಡಿಸಿ ಅವುಗಳ ಅಂತರವನ್ನು ತಿಳಿದುಕೊಂಡಿರಬೇಕು.

ರಸ್ತೆಯ ಪಂದ್ಯದಲ್ಲಿ ಮಾಪಕ ಬರಿಯ ಸಲಹೆಗಾರ. ಗೆಲುವನ್ನು ನಿರ್ಣಯಿಸುವುದು ಅಂತಿಮ ಗೆರೆ. ಆದರೆ ಮಾಪಕವೇ ನ್ಯಾಯಾಧೀಶನಾಗುವ ಪಂದ್ಯಗಳೂ ಈಗ ಹುಟ್ಟಿಕೊಂಡಿವೆ. 2020ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ತೆರೆಯ ಮೇಲಿನ ಸೈಕಲ್ ಓಟದ ಮೊದಲ ವಿಶ್ವ ಚಾಂಪಿಯನ್‌ಷಿಪ್ಪನ್ನು ನಡೆಸಿತು. ಸ್ಪರ್ಧಿಗಳು ತಮ್ಮ ತಮ್ಮ ಸ್ಥಳಗಳಲ್ಲಿಯೇ ಸ್ಥಿರ ಯಂತ್ರಗಳನ್ನು ತುಳಿದರು. ಯಂತ್ರ ಅಳೆದ ಸಾಮರ್ಥ್ಯದ ಪ್ರಕಾರ ತೆರೆಯ ಮೇಲೆ ಅವರ ಪ್ರತಿರೂಪಗಳು ಓಡಿದವು. ಪುರುಷರ ವಿಭಾಗದಲ್ಲಿ ಗೆದ್ದವನು ಜರ್ಮನಿಯ ಜೇಸನ್ ಓಸ್ಬೋರ್ನ್, ಮೂಲತಃ ದೋಣಿ ಹುಟ್ಟುಹಾಕುವ ಪಟು! ಅಲ್ಲಿ ಎಲ್ಲ ಸ್ಪರ್ಧಿಗಳಿಗೂ ಒಂದೇ ಮಾದರಿಯ ಯಂತ್ರಗಳನ್ನು ಬಳಸುವ ವ್ಯವಸ್ಥೆ ಮಾಡಿದ್ದರು. ಕಾರಣವನ್ನು ವಾಚಕರು ಈಗ ತಾವೇ ಊಹಿಸಬಲ್ಲರು: ಅಂಥ ಓಟದಲ್ಲಿ ಮಾಪಕ ನೂರಕ್ಕೆ ಎರಡು ಪಾಲು ತಪ್ಪಿದರೆ ಪದಕವೇ ಕೈ ಬದಲಾಯಿಸಬಹುದು.

ಪರದೆಯ ಮೇಲೆ 247 ಎಂಬ ಅಂಕಿ ಮೂಡಿದಾಗ ಅದು ನಿರ್ವಿವಾದವಾದ ಸತ್ಯದಂತೆ ಕಾಣುತ್ತದೆ. ಅದರ ಹಿಂದೆ ಇರುವುದು ಲೋಹದ ಅಣುಮಾತ್ರದ ಹಿಗ್ಗು, ಓಮಿನ ನೂರನೆಯ ಕೆಲವು ಪಾಲುಗಳ ಬದಲಾವಣೆ, ಬಿಸಿಲು ಚಳಿಗಳ ಆಟ, ಒಂದಷ್ಟು ಊಹೆ. ಇಷ್ಟನ್ನು ತಿಳಿದ ವಿದ್ಯಾರ್ಥಿ ಅಂಕಿಯನ್ನು ಅನಾದರಿಸುವುದಿಲ್ಲ, ಕುರುಡಾಗಿ ನಂಬುವುದೂ ಇಲ್ಲ. ಒಂದು ತೂಕ, ಒಂದು ಅಳತೆಗೋಲು, ಒಂದು ಟಿಪ್ಪಣಿ ಪುಸ್ತಕ ಇಷ್ಟಿದ್ದರೆ ಅಳೆಯುವ ಸಾಧನವನ್ನೇ ಅವನು ಅಳೆದು ನೋಡಬಲ್ಲನು. ಹೀಗೆ ಅಳೆಸಿಕೊಳ್ಳಲು ಒಪ್ಪುವ ಮಾಪಕವೇ ನಂಬಿಕೆಗೆ ಅರ್ಹವಾದ ಮಾಪಕ.